ಹಣಕಾಸು ಸಲಹೆ: ಸಲಹೆಗಾರ ಯಾರ ಕಡೆಯವನು?

ಶಿರಾಳಕೊಪ್ಪ: ಅಡಿಕೆ ಕೊಯ್ಲು ಮುಗಿದು ಮಂಡಿಯ ಲೆಕ್ಕ ಚುಕ್ತಾ ಆದಾಗ ಶಿಕಾರಿಪುರ, ಸೊರಬ ತಾಲ್ಲೂಕುಗಳ ಬೆಳೆಗಾರನ ಕೈಗೆ ವರ್ಷದ ದುಡಿಮೆಯ ದೊಡ್ಡ ಪಾಲು ಒಮ್ಮೆಗೇ ಬರುತ್ತದೆ. ನಿವೃತ್ತ ಶಿಕ್ಷಕನಿಗೆ ಅಂತಹ ದಿನ ಜೀವಮಾನದಲ್ಲಿ ಬರುವುದು ಒಮ್ಮೆ ಮಾತ್ರ. ಈ ಹಣವನ್ನು ಎಲ್ಲಿ ತೊಡಗಿಸಬೇಕೆಂದು ಹೇಳಲು ಮನೆಬಾಗಿಲಿಗೆ ಬರುವವರಿಗೆ ಕೊರತೆಯಿಲ್ಲ. ತೂಕ, ದರಗಳ ವಿಷಯದಲ್ಲಿ ಮಂಡಿಯವರನ್ನು ಎರಡೆರಡು ಬಾರಿ ಪ್ರಶ್ನಿಸುವ ಬೆಳೆಗಾರ, ಸಲಹೆ ಕೊಡುವವನಿಗೆ ಆದಾಯ ಎಲ್ಲಿಂದ ಬರುತ್ತದೆ ಎಂದು ಕೇಳುವುದು ಅಪರೂಪ. ಹಣಕಾಸು ಸಲಹೆಯ ವೃತ್ತಿನೀತಿಯ ಅಧ್ಯಯನ ಆರಂಭವಾಗುವುದು ಈ ಪ್ರಶ್ನೆಯಿಂದಲೇ.

ವೃತ್ತಿನೀತಿ ಏಕೆ?

ವೈದ್ಯ, ವಕೀಲರಂತೆ ಹಣಕಾಸು ಸಲಹೆಗಾರನೂ ತನ್ನ ಬಳಿ ಬಂದವನಿಗಿಂತ ಹೆಚ್ಚು ತಿಳಿದವನು. ಔಷಧ ತಪ್ಪಿದರೆ ಕೆಲವೇ ದಿನಗಳಲ್ಲಿ ತಿಳಿಯಬಹುದು. ಹೂಡಿಕೆ ತಪ್ಪಿದ್ದು ಗೊತ್ತಾಗುವ ಹೊತ್ತಿಗೆ ಹತ್ತು ವರ್ಷಗಳೇ ಕಳೆದಿರಬಹುದು. ಆದುದರಿಂದಲೇ ಈ ವೃತ್ತಿಗೆ ಕಾನೂನಿನ ಜೊತೆಗೆ ನೀತಿಯ ಕಟ್ಟುಪಾಡೂ ಅಗತ್ಯವಾಗಿದೆ.

ವ್ಯಾಪಾರಕ್ಕೆ ಧರ್ಮವೊಂದಿರಬೇಕೆಂಬ ಮಾತು ಈ ನೆಲಕ್ಕೆ ಹೊಸದಲ್ಲ. ಶಿರಾಳಕೊಪ್ಪದ ನೆರೆಯ ಬಳ್ಳಿಗಾವೆಯ 11ನೇ ಶತಮಾನದ ಶಾಸನವು ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕ ಸಂಘದವರನ್ನು ‘ವೀರ ಬಣಂಜು ಧರ್ಮ’ದ ಪಾಲಕರೆಂದು ಹೊಗಳುತ್ತದೆ.

ಇಂದಿನ ಕಟ್ಟುಪಾಡನ್ನು ಭಾರತೀಯ ಷೇರುಪೇಟೆ ನಿಯಂತ್ರಣ ಮಂಡಳಿ (ಸೆಬಿ) ಹೂಡಿಕೆ ಸಲಹೆಗಾರರಿಗಾಗಿ 2013ರಲ್ಲಿ ಹೊರಡಿಸಿದ ನಿಯಮಾವಳಿಯಲ್ಲಿ ಕಾಣಬಹುದು. ಸಲಹೆಗಾರನು ಗ್ರಾಹಕನ ವಿಶ್ವಸ್ಥನಂತೆ, ಅಂದರೆ ಪರರ ಸ್ವತ್ತನ್ನು ಅವರ ಹಿತಕ್ಕಾಗಿಯೇ ಕಾಯುವವನಂತೆ ವರ್ತಿಸಬೇಕು. ತನ್ನ ಲಾಭಕ್ಕೂ ಗ್ರಾಹಕನ ಹಿತಕ್ಕೂ ಘರ್ಷಣೆ ಉಂಟಾದಾಗ ಅದನ್ನು ಮುಚ್ಚಿಡದೆ ತಿಳಿಸಬೇಕು. ತಾನು ಸೂಚಿಸಿದ ಯೋಜನೆಗಾಗಿ ಗ್ರಾಹಕನನ್ನು ಬಿಟ್ಟು ಬೇರೆ ಯಾರಿಂದಲೂ ಪ್ರತಿಫಲ ಪಡೆಯಬಾರದು.

ಮಾರುವವನು ಬೇರೆ, ಸಲಹೆಗಾರ ಬೇರೆ

ಸಾಮಾನ್ಯ ಜನರು ‘ಸಲಹೆಗಾರ’ ಎಂದು ಕರೆಯುವ ಬಹುಪಾಲು ಮಂದಿ ವಾಸ್ತವದಲ್ಲಿ ವಿಮಾ ಏಜೆಂಟರು ಅಥವಾ ಮ್ಯೂಚುವಲ್ ಫಂಡ್ ವಿತರಕರು. ಅವರಿಗೆ ಕಮಿಷನ್ ಕೊಡುವುದು ಕಂಪನಿ. ಇದು ಕಾನೂನುಬದ್ಧ ವೃತ್ತಿ, ಅದರಲ್ಲಿ ಅವಮಾನವೇನೂ ಇಲ್ಲ. ಆದರೆ ಮಾರಾಟವನ್ನೇ ನಿಷ್ಪಕ್ಷಪಾತ ಸಲಹೆಯೆಂದು ಬಿಂಬಿಸಿದಾಗ ನೀತಿ ತಪ್ಪುತ್ತದೆ.

ಹಿಂದೆ ಮ್ಯೂಚುವಲ್ ಫಂಡಿಗೆ ಒಂದು ಲಕ್ಷ ರೂಪಾಯಿ ತೊಡಗಿಸಿದರೆ ಪ್ರವೇಶ ಶುಲ್ಕವೆಂದು 2,250 ರೂಪಾಯಿಯವರೆಗೆ ಮೊದಲೇ ಕಡಿತವಾಗುತ್ತಿತ್ತು. 2009ರ ಆಗಸ್ಟ್ 1ರಿಂದ ಸೆಬಿ ಇದನ್ನು ರದ್ದುಪಡಿಸಿತು. 2013ರ ಜನವರಿಯಲ್ಲಿ ವಿತರಕರ ಕಮಿಷನ್ ಇಲ್ಲದ ‘ಡೈರೆಕ್ಟ್’ ಯೋಜನೆಗಳು ಬಂದವು. ಎರಡು ಬಗೆಯ ಯೋಜನೆಗಳ ವಾರ್ಷಿಕ ವೆಚ್ಚದಲ್ಲಿ ಶೇ 1ರ ವ್ಯತ್ಯಾಸವಿದೆ ಎಂದಿಟ್ಟುಕೊಂಡರೆ, 10 ಲಕ್ಷ ರೂಪಾಯಿಯ ಹೂಡಿಕೆಗೆ ಅದು ವರ್ಷಕ್ಕೆ ಸುಮಾರು 10 ಸಾವಿರ ರೂಪಾಯಿ. ಸೇವೆ ಅದಕ್ಕೆ ತಕ್ಕಂತಿದ್ದರೆ ಗ್ರಾಹಕ ಸಂತೋಷದಿಂದ ಕೊಡಬಹುದು, ಆದರೆ ಕೊಡುತ್ತಿರುವುದು ಅವನಿಗೆ ಗೊತ್ತಿರಬೇಕು.

ಜೀವವಿಮೆಯಲ್ಲಿ ಏಜೆಂಟರಿಗೆ ಮೊದಲ ವರ್ಷದ ಕಂತಿನಿಂದ ಸಿಗುವ ಪಾಲು ನಂತರದ ವರ್ಷಗಳಿಗಿಂತ ಹೆಚ್ಚು. ಪಾಲಿಸಿ ಮುಂದುವರಿಯುವುದಕ್ಕಿಂತ ಹೊಸ ಪಾಲಿಸಿ ಮಾರುವುದೇ ಲಾಭವೆಂಬ ಪ್ರಲೋಭನೆಗೆ ಇದು ದಾರಿ ಮಾಡುತ್ತದೆ. ತಪ್ಪು ಮಾರಾಟದಿಂದ ಅರ್ಧಕ್ಕೇ ನಿಂತ ಪಾಲಿಸಿಗಳಲ್ಲಿ 2004-05ರಿಂದ 2011-12ರ ನಡುವೆ ಭಾರತೀಯರು ಸುಮಾರು 1.5 ಲಕ್ಷ ಕೋಟಿ ರೂಪಾಯಿ ಕಳೆದುಕೊಂಡರೆಂದು 2014ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಅಂದಾಜಿಸಿದೆ.

ಅಧ್ಯಯನದಲ್ಲಿ ಏನಿದೆ?

ಹೂಡಿಕೆ ಸಲಹೆಗಾರನಾಗಿ ನೋಂದಾಯಿಸಿಕೊಳ್ಳಲು ಸೆಬಿ ಸ್ಥಾಪಿಸಿದ ರಾಷ್ಟ್ರೀಯ ಷೇರುಪೇಟೆ ಸಂಸ್ಥೆಯ (ಎನ್‌ಐಎಸ್‌ಎಂ) ಎರಡು ಹಂತದ ಪರೀಕ್ಷೆಗಳಲ್ಲಿ ಉತ್ತೀರ್ಣನಾಗಬೇಕು. 2024ರ ಡಿಸೆಂಬರ್ ತಿದ್ದುಪಡಿಯು ಸ್ನಾತಕೋತ್ತರ ವಿದ್ಯಾರ್ಹತೆ ಹಾಗೂ ಅನುಭವದ ಷರತ್ತುಗಳನ್ನು ಕೈಬಿಟ್ಟಿದೆ. ಹೀಗಾಗಿ ಸಣ್ಣ ಊರುಗಳ ವಾಣಿಜ್ಯ ಪದವೀಧರರಿಗೂ ಈ ವೃತ್ತಿಯ ಬಾಗಿಲು ಹಿಂದಿಗಿಂತ ಅಗಲವಾಗಿದೆ.

ತೆರಿಗೆ, ವಿಮೆ, ನಿವೃತ್ತಿ ಯೋಜನೆಗಳ ಜೊತೆಗೆ ನೀತಿಯೂ ಪಠ್ಯದ ಭಾಗ. ಸರಿ-ತಪ್ಪುಗಳ ಪಟ್ಟಿಯನ್ನು ಬಾಯಿಪಾಠ ಮಾಡಿದರೆ ಸಾಲದು, ಸನ್ನಿವೇಶವನ್ನು ತೂಗಿ ನೋಡಲು ಬರಬೇಕು. ಉದಾಹರಣೆಗೆ, 60 ವರ್ಷದ ನಿವೃತ್ತರೊಬ್ಬರ ಬಳಿ 20 ಲಕ್ಷ ರೂಪಾಯಿ ಇದೆ, ಅವರಿಗೆ ಬೇಕಿರುವುದು ತಿಂಗಳ ಖರ್ಚಿಗೆ ಆದಾಯ. ಪ್ರತಿ ವರ್ಷ 2 ಲಕ್ಷ ಕಂತು ಕಟ್ಟಬೇಕಾದ 15 ವರ್ಷದ ಪಾಲಿಸಿಯನ್ನು ಅವರಿಗೆ ಕೊಡಿಸುವುದು ಸರಿಯೇ? ಪಾಲಿಸಿಯಲ್ಲಿ ಮೋಸವಿಲ್ಲದಿರಬಹುದು, ಅರ್ಜಿಗೆ ಅವರ ಸಹಿಯೂ ಇರಬಹುದು. ಆದರೂ ಅದು ಅವರ ಅಗತ್ಯಕ್ಕೆ ಹೊಂದುವುದಿಲ್ಲ. ಗ್ರಾಹಕನ ವಯಸ್ಸು, ಆದಾಯ, ಸಾಲ, ನಷ್ಟ ತಾಳುವ ಶಕ್ತಿಗಳನ್ನು ಅಳೆದ ನಂತರವೇ ಸಲಹೆ ನೀಡಬೇಕೆಂದು ನಿಯಮ ಹೇಳುವುದು ಇದೇ ಕಾರಣಕ್ಕೆ.

ಪರಿಚಯವೇ ಭರವಸೆಯಲ್ಲ

ಬೆಂಗಳೂರಿನಲ್ಲಿ 2006ರಲ್ಲಿ ಆರಂಭವಾದ ‘ಐ ಮಾನಿಟರಿ ಅಡ್ವೈಸರಿ’ (ಐಎಂಎ) ಸಂಸ್ಥೆಯ ಹೆಸರಿನಲ್ಲೇ ‘ಸಲಹೆ’ ಇತ್ತು. ಬಡ್ಡಿಯಲ್ಲ, ಲಾಭದ ಪಾಲು ಎಂದು ಹೇಳಿ ಅದು ಹಣ ಸಂಗ್ರಹಿಸಿತು. 2019ರ ಜೂನ್‌ನಲ್ಲಿ ಸಂಸ್ಥೆ ಕುಸಿದಾಗ ಹತ್ತಾರು ಸಾವಿರ ಮಂದಿ ದೂರು ನೀಡಲು ಸಾಲುಗಟ್ಟಿದರು. ನೆಂಟರು ಹೇಳಿದರು, ಸಮುದಾಯದ ಗಣ್ಯರು ಮೆಚ್ಚಿದರು ಎಂಬ ನಂಬಿಕೆಯಿಂದಲೇ ಹಣ ಹೂಡಿದವರು ಅವರಲ್ಲಿ ಅನೇಕರಿದ್ದರು. ಸಣ್ಣ ಪಟ್ಟಣಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು. ಅಲ್ಲಿ ಏಜೆಂಟನೇ ನೆರೆಯವನು, ಮಾಜಿ ಸಹೋದ್ಯೋಗಿ ಅಥವಾ ಹತ್ತಿರದ ಸಂಬಂಧಿ. ಕಮಿಷನ್ ಎಷ್ಟೆಂದು ಕೇಳಲು ಸಂಕೋಚ ಅಡ್ಡಬರುತ್ತದೆ.

ಗ್ರಾಹಕರು ಏನು ಮಾಡಬೇಕು?

ಹಣ ಕೊಡುವ ಮುನ್ನ ಮೂರು ಪ್ರಶ್ನೆ ಕೇಳಬೇಕು. ನಿಮ್ಮ ನೋಂದಣಿ ಸಂಖ್ಯೆ ಯಾವುದು? ಈ ಸಲಹೆಯಿಂದ ನಿಮಗೆ ಬರುವ ಆದಾಯ ಎಷ್ಟು, ಯಾರಿಂದ? ಇದು ನನಗೆ ಹೇಗೆ ಸೂಕ್ತವೆಂದು ಬರೆದುಕೊಡುವಿರಾ?

ಸೆಬಿ ನೋಂದಾಯಿತ ಸಲಹೆಗಾರರ ಸಂಖ್ಯೆ ‘ಐಎನ್‌ಎ’ ಅಕ್ಷರಗಳಿಂದ ಆರಂಭವಾಗುತ್ತದೆ. ಸೆಬಿ ಜಾಲತಾಣದಲ್ಲಿ ಅದನ್ನು ಪರಿಶೀಲಿಸಬಹುದು. ನಿಗದಿತ ಶುಲ್ಕದ ಪದ್ಧತಿಯಲ್ಲಿ ಒಂದು ಕುಟುಂಬದಿಂದ ವರ್ಷಕ್ಕೆ ಪಡೆಯಬಹುದಾದ ಗರಿಷ್ಠ ಮೊತ್ತವನ್ನು 2025ರ ಜನವರಿಯಲ್ಲಿ 1.25 ಲಕ್ಷದಿಂದ 1.51 ಲಕ್ಷ ರೂಪಾಯಿಗೆ ಏರಿಸಲಾಗಿದೆ. ಜೀವವಿಮಾ ಪಾಲಿಸಿ ಬೇಡವೆನಿಸಿದರೆ, 2024ರ ನಿಯಮದಂತೆ, ದಾಖಲೆ ಕೈಸೇರಿದ 30 ದಿನಗಳೊಳಗೆ ಹಿಂದಿರುಗಿಸಲು ಅವಕಾಶವಿದೆ. ಹೂಡಿಕೆ ಸಲಹೆಯ ದೂರುಗಳಿಗೆ ಸೆಬಿಯ ‘ಸ್ಕೋರ್ಸ್’ ವ್ಯವಸ್ಥೆಯಿದೆ, ವಿಮೆಯ ದೂರುಗಳಿಗೆ ಬೆಂಗಳೂರಿನಲ್ಲಿ ವಿಮಾ ಓಂಬುಡ್ಸ್‌ಮನ್ ಕಚೇರಿಯಿದೆ.

ಶುಲ್ಕ ಕೊಟ್ಟು ಸಲಹೆ ಪಡೆಯುವ ರೂಢಿ ನಮ್ಮಲ್ಲಿ ಇನ್ನೂ ಬೇರೂರಿಲ್ಲ. ಪುಕ್ಕಟೆ ಸಲಹೆಯ ಬೆಲೆಯನ್ನು ಗ್ರಾಹಕನೇ ಕಂತಿನಲ್ಲೋ ವೆಚ್ಚದಲ್ಲೋ ತೆರುತ್ತಾನೆ, ಅದು ಅವನ ಕಣ್ಣಿಗೆ ಬೀಳುವುದಿಲ್ಲ ಅಷ್ಟೆ. ಬೇಲಿಯೇ ಎದ್ದು ಹೊಲ ಮೇಯದಂತೆ ತಡೆಯಲು ಕಾನೂನಿದೆ, ಪಠ್ಯವಿದೆ, ಪರೀಕ್ಷೆಯೂ ಇದೆ. ಅವು ಫಲ ಕೊಡಬೇಕಾದರೆ ಸಂಕೋಚ ಬಿಟ್ಟು ಕೇಳುವ ಗ್ರಾಹಕನೂ ಬೇಕು.