ಹನ್ನೆರಡಾದ ಮೇಲೆ ಗೆಜ್ಜೆ ಕಟ್ಟಬಹುದೇ?

ಪ್ರಶ್ನೆ: ಮಗಳಿಗೆ 12 ತುಂಬಿತು. ಈಗ ಭರತನಾಟ್ಯ ಕಲಿಯಬೇಕಂತೆ. ತಡವಾಯಿತೇ?
– ಓದುಗರೊಬ್ಬರು, ರಾಂಪುರ, ಮೊಳಕಾಲ್ಮೂರು ತಾಲ್ಲೂಕು

ಉತ್ತರ: ಖಂಡಿತ ಇಲ್ಲ. ಬೆಂಗಳೂರಿನ ಮಾಯಾ ರಾವ್ ಅವರ ಮನೆಯಲ್ಲಿ ತಂಗಿಯರಿಗೆ ಪಾಠ ಶುರುವಾದಾಗ, ಹನ್ನೆರಡರ ಮಾಯಾ ಅವರಿಗೆ ವಯಸ್ಸು ಮೀರಿತೆಂದೇ ಎಣಿಸಿದ್ದರು. ಅದೇ ಹುಡುಗಿ ಮುಂದೆ ಶಂಭು ಮಹಾರಾಜರ ಶಿಷ್ಯೆಯಾಗಿ ಕಥಕ್‌ನಲ್ಲಿ ದೊಡ್ಡ ಹೆಸರಾದರು. ರುಕ್ಮಿಣಿದೇವಿ ಅರುಂಡೇಲ್ ಅವರಿಗಂತೂ 1935ರಲ್ಲಿ ಮೊದಲ ಬಾರಿ ಭರತನಾಟ್ಯ ಪ್ರದರ್ಶಿಸಿದಾಗ ಮೂವತ್ತು ದಾಟಿತ್ತು.

ದೊಡ್ಡ ಮಕ್ಕಳಿಗೆ ತಾಳದ ಲೆಕ್ಕ ಬೇಗ ಹತ್ತುತ್ತದೆ. ಕಷ್ಟವೆಲ್ಲ ಅರೆಮಂಡಿಯದು, ಅಂದರೆ ಮಂಡಿ ಹೊರಕ್ಕೆ ಬಾಗಿಸಿ ಅರ್ಧ ಕೂತಂತೆ ನಿಲ್ಲುವ ಭಂಗಿಯದು: ತೊಡೆಸಂದು ಪುಟ್ಟ ಮಕ್ಕಳಷ್ಟು ಸಡಿಲ ಇರುವುದಿಲ್ಲ. ಮಂಡಿ ಪಾದದ ದಿಕ್ಕಿಗೇ ಬಾಗಬೇಕು; ನೋವಾದರೆ ಗುರುಗಳಿಗೆ ಹೇಳಲಿ. ಆದರೆ ಏಳು ವರ್ಷದವರ ಸಾಲಿನಲ್ಲಿ ನಿಲ್ಲುವ ಮುಜುಗರವೇ, ನನ್ನ ಪ್ರಕಾರ, ಹೆಚ್ಚು ಮಕ್ಕಳನ್ನು ಬಿಡಿಸುವುದು. ನಿಮಗೆ ಹತ್ತಿರದ ಬಳ್ಳಾರಿಗೆ ಹೋಗಿ ಕಲಿಯುವುದಾದರೆ, ಸಮವಯಸ್ಕರ ತಂಡ ಇದೆಯೇ ಎಂದು ಮೊದಲೇ ಕೇಳಿ.