ಮುಳುಗುವ ಬಳೆ

ಹಳ್ಳಿಯ ಬಾವಿಯಲ್ಲಿ ಈಜು ಕಲಿಯುವವರ ಬೆನ್ನಿಗೆ ಹಿಂದೆ ಒಣಗಿದ ಸೋರೆಬುರುಡೆಯೋ ಬೆಂಡಿನ ಕಟ್ಟೋ ಇರುತ್ತಿತ್ತು. ನಗರದ ಕೊಳಗಳಲ್ಲಿ ಇಂದು ಗಾಳಿ ತುಂಬಿದ ತೋಳುಪಟ್ಟಿ ಅದರ ಸ್ಥಾನಕ್ಕೆ ಬಂದಿದೆ. ಎರಡರ ಉದ್ದೇಶವೂ ತೇಲಿಸುವುದೇ. ಆದರೆ ನೀರಿಗೆ ಅಂಜುವ ಮಗುವಿಗೆ ತೇಲುವ ವಸ್ತುವಿಗಿಂತ ಮುಳುಗುವ ವಸ್ತುವೇ ಹೆಚ್ಚು ಉಪಕಾರಿ ಎಂದರೆ ತಾಯಂದಿರು ಹುಬ್ಬೇರಿಸಿಯಾರು!

ಅಂಜಿದ ಮಗು ಮುಖವನ್ನು ನೀರಿನಿಂದ ಮೇಲೆತ್ತುತ್ತದೆ. ತಲೆ ಮೇಲೆದ್ದಷ್ಟೂ ಕಾಲು ಕೆಳಗಿಳಿಯುತ್ತದೆ. ಕಾಲಿಳಿದಷ್ಟೂ ಅಂಜಿಕೆ ಬೆಳೆಯುತ್ತದೆ. ಇಂಥ ಮಗುವನ್ನು ಗದರಿಸಿ ಪ್ರಯೋಜನವಿಲ್ಲ. ಅದರ ಸೊಂಟದುದ್ದದ ನೀರಿನ ತಳದಲ್ಲಿ ಒಂದು ಕೆಂಪು ಬಳೆಯನ್ನು ಬಿಟ್ಟು, ಪಕ್ಕದಲ್ಲಿಯೇ ಹಿರಿಯರೊಬ್ಬರು ನಿಂತು, "ಎತ್ತಿ ತಾ" ಎನ್ನುವುದು ಲೇಸು. ಬಳೆಯ ಆಸೆಗೆ ಬಗ್ಗಿದ ಮಗುವಿಗೆ ಒಂದು ವಿಸ್ಮಯ ಕಾದಿರುತ್ತದೆ: ತಳ ಮುಟ್ಟುವುದು ಸುಲಭವಲ್ಲ, ನೀರು ತನ್ನನ್ನು ಮೇಲಕ್ಕೇ ನೂಕುತ್ತಿದೆ! ಉಸಿರು ತುಂಬಿದ ದೇಹವು ಸಾಮಾನ್ಯವಾಗಿ ನೀರಿಗಿಂತ ತುಸು ಹಗುರವೆಂಬ ಪಾಠವನ್ನು ಅದು ಪುಸ್ತಕವಿಲ್ಲದೆ ಕಲಿಯುತ್ತದೆ.

ಈ ಬಳೆಗಾಗಿ ಅಂಗಡಿಗೆ ಅಲೆಯಬೇಕಾಗಿಲ್ಲ. ತೋಟಕ್ಕೆ ನೀರು ಹಾಯಿಸುವ ಮೆತ್ತನೆಯ ಕೊಳವೆಯ ಮೊಳದುದ್ದದ ತುಂಡು, ತೊಳೆದು ಒಣಗಿಸಿದ ಮರಳು, ಎರಡು ತುದಿಗಳನ್ನೂ ಕೂಡಿಸಲು ಬಿಗಿಯಾಗಿ ಕೂರುವ ಒಂದು ಮರದ ಬೆಣೆ, ನೀರಿಗೆ ಕರಗದ ಅಂಟು, ಇಷ್ಟಿದ್ದರೆ ಸಾಕು. ಮರಳನ್ನು ಕುಟ್ಟಿ ಕುಟ್ಟಿ ತುಂಬಬೇಕು. ಬಕೆಟ್ಟಿನಲ್ಲಿ ಒಂದು ರಾತ್ರಿ ಮುಳುಗಿಸಿಟ್ಟು ಮರಳು ಸೋರದೆಂದು ಖಚಿತವಾದ ಮೇಲೆಯೇ ಮಗುವಿನ ಕೈಗೆ ಕೊಡಬೇಕು.

ಕೊಳವೆಯ ಬದಲು ಗಟ್ಟಿ ಪ್ಲಾಸ್ಟಿಕ್ ನಳಿಗೆಯನ್ನು ಅರೆಬರೆ ತುಂಬಿದರೆ, ಅದು ನೀರಿನ ತಳದಲ್ಲಿ ಕಂಬದಂತೆ ನೆಟ್ಟಗೆ ನಿಲ್ಲುತ್ತದೆ. ನೋಡಲು ಸೊಗಸು, ಆದರೆ ಇದೇ ಅಪಾಯದ ಮೂಲ. ಅಮೆರಿಕದಲ್ಲಿ ಇಂಥ ಕಡ್ಡಿಗಳು ಲಕ್ಷಗಟ್ಟಲೆ ಮಾರಾಟವಾಗಿದ್ದವು. ಆಳವಿಲ್ಲದ ನೀರಿಗೆ ಹಾರಿದ ಮಕ್ಕಳು ಅವುಗಳ ಮೇಲೆ ಬಿದ್ದು ತೀವ್ರವಾಗಿ ಗಾಯಗೊಂಡರು. 1999ರಲ್ಲಿ ಅವುಗಳನ್ನು ಪೇಟೆಯಿಂದ ಹಿಂತೆಗೆದುಕೊಳ್ಳಲಾಯಿತು. 2001ರಲ್ಲಿ ಸರ್ಕಾರವೇ ನಿಷೇಧಿಸಿತು. ಬಾಗದ ಕಡ್ಡಿ ನೆಟ್ಟಗೆ ನಿಲ್ಲಬಾರದು ಎಂಬ ಸಣ್ಣ ಮಾತಿಗೆ ಮಕ್ಕಳು ತೆತ್ತ ಬೆಲೆ ಅದು. ಮನೆಯಲ್ಲಿ ಮಾಡುವವರು ಮೆತ್ತನೆಯ ಬಳೆಗೇ ಅಂಟಿಕೊಳ್ಳುವುದು ಉತ್ತಮ.

ಸ್ನಾರ್ಕೆಲ್ ಎಂಬ ಉಸಿರುಗೊಳವೆಯ ಕಲಿಕೆಯಲ್ಲಿ ಭಾರದ ಪ್ರಶ್ನೆ ಬೇರೆ. ಮುಖವನ್ನು ನೀರಿಗಿಟ್ಟು ಮೇಲೆಯೇ ತೇಲುತ್ತ ನೋಡುವ ಹೊಸಬನಿಗೆ ಭಾರವೇ ಬೇಡ. ತೇಲುವ ಅಂಗಿಯೇ ಬೇಕು. ಆಳಕ್ಕಿಳಿಯಬಲ್ಲ ನುರಿತವನಿಗೆ ಮಾತ್ರ ಭಾರದ ಪಟ್ಟಿ. ಉಪ್ಪುನೀರು ಸಿಹಿನೀರಿಗಿಂತ ಶೇಕಡ 2.5ರಷ್ಟು ಸಾಂದ್ರವಾದುದರಿಂದ, ಕೊಳದಲ್ಲಿ ಏಳದೆ ಮುಳುಗದೆ ನಿಲ್ಲುವ 60 ಕಿಲೋ ತೂಕದ ಮನುಷ್ಯನನ್ನು ಕಡಲು ಸುಮಾರು ಒಂದೂವರೆ ಕಿಲೋ ಬಲದಿಂದ ಮೇಲಕ್ಕೆತ್ತುತ್ತದೆ. ಈ ಕೊರತೆ ತುಂಬಲು ಕಲ್ಲು ಸಾಲದೇ ಎಂದರೆ, ಒಂದು ಕಿಲೋ ಕರಿಗಲ್ಲು ನೀರಿನೊಳಗೆ ತೂಗುವುದು 630 ಗ್ರಾಮಿನಷ್ಟು. ಸೀಸವಾದರೋ 910 ಗ್ರಾಂ. ಹಾಗೆಂದು ಅಡುಗೆಮನೆಯ ಒಲೆಯ ಮೇಲೆ ಸೀಸ ಕರಗಿಸುವ ಸಾಹಸ ಮಾತ್ರ ಸಲ್ಲದು. ಸೀಸ ವಿಷ, ಮಕ್ಕಳ ಮಿದುಳಿಗೆ ವಿಶೇಷವಾಗಿ ವಿಷ.

ಮನ್ನಾರ್ ಕೊಲ್ಲಿಯ ಮುತ್ತಿನ ಮುಳುಗಾರರು ಶತಮಾನಗಳ ಕಾಲ ಕಲ್ಲನ್ನೇ ನಂಬಿದ್ದರು. ಹಗ್ಗ ಕಟ್ಟಿದ ಕಲ್ಲಿನ ಮೇಲೆ ಕಾಲೂರಿ ತಳಕ್ಕಿಳಿದೊಡನೆ ಕಾಲನ್ನು ಬಿಡಿಸಿಕೊಳ್ಳುವರು. ದೋಣಿಯಲ್ಲಿದ್ದ ಜೊತೆಗಾರ ಕಲ್ಲನ್ನು ಮೇಲಕ್ಕೆಳೆದುಕೊಳ್ಳುವನು. ಭಾರವನ್ನು ದೇಹಕ್ಕೆ ಬಿಗಿದುಕೊಳ್ಳದ ಆ ಜಾಣತನ ಇಂದಿನ ಪಟ್ಟಿಯ ಕೊಂಡಿಯಲ್ಲಿಯೂ ಉಳಿದಿದೆ: ಒಂದೇ ಕೈಯ ಒಂದೇ ಎಳೆತಕ್ಕೆ ಅದು ಬಿಚ್ಚಿಕೊಳ್ಳಬೇಕು. ಮನೆಯಲ್ಲಿ ಪಟ್ಟಿ ಹೊಲಿಯುವ ಉತ್ಸಾಹಿಗಳು ಗಂಟನ್ನಾಗಲಿ ಸಾಧಾರಣ ಬೆಲ್ಟಿನ ಕೊಂಡಿಯನ್ನಾಗಲಿ ಬಳಸಬಾರದು. ಕಡಲಿಗಿಳಿಯುವ ಮುನ್ನ, ಎದೆಮಟ್ಟದ ನೀರಿನಲ್ಲಿ ನಿಂತು, ಕಣ್ಣು ಮುಚ್ಚಿ, ಮೊದಲು ಬಲಗೈಯಿಂದಲೂ ಅನಂತರ ಎಡಗೈಯಿಂದಲೂ ಅದನ್ನು ಹತ್ತು ಬಾರಿ ಬಿಚ್ಚಿ ನೋಡುವುದು ವಾಡಿಕೆಯಾಗಬೇಕು.