ಸ್ಟಾರ್ಟರ್ ತಿರುಗುತ್ತಿಲ್ಲವೇ? ಮೊದಲು ಕೈಯಿಂದ ತಿರುಗಿಸಿ ನೋಡಿ



ಭಾನುವಾರ ಬೆಳಿಗ್ಗೆ ಬೇಗ ಎದ್ದು ಊರಾಚೆಯ ಮೈದಾನಕ್ಕೆ ಮಾದರಿ ವಿಮಾನ ಹೊತ್ತುಕೊಂಡು ಹೋಗಿದ್ದೀರಿ. ಜತೆಗೆ ಮಗಳೋ ಮಗನೋ ಇದ್ದಾರೆ. ಇಂಧನ ತುಂಬಿದ್ದಾಯಿತು. ಸ್ಟಾರ್ಟರನ್ನು ವಿಮಾನದ ಮೂತಿಗೆ ಒತ್ತಿ ಸ್ವಿಚ್ ಅದುಮಿದರೆ ಅದು 'ಗುರ್ರ್' ಎಂದು ಗೊಣಗಿ ಸುಮ್ಮನಾಗುತ್ತದೆ. ಇನ್ನೊಮ್ಮೆ ಜೋರಾಗಿ ಒತ್ತಿದರೂ ಅದೇ ಕಥೆ.

ಇಂಥ ಹೊತ್ತಿನಲ್ಲಿ ಪಕ್ಕದಲ್ಲಿರುವ ಕಾರಿನ ಬ್ಯಾಟರಿ ಬಿಚ್ಚಿ ತರೋಣವೇ ಎನಿಸುವುದು ಸಹಜ. ಸ್ವಲ್ಪ ತಾಳಿ. ಸ್ಟಾರ್ಟರ್ ನಿಲ್ಲುವುದಕ್ಕೆ ಇರುವುದು ಎರಡೇ ಬಗೆಯ ಕಾರಣ. ಒಂದೋ ಅದಕ್ಕೆ ಶಕ್ತಿ ಸಾಲುತ್ತಿಲ್ಲ, ಇಲ್ಲವೇ ಎಂಜಿನ್ ತಿರುಗುವ ಸ್ಥಿತಿಯಲ್ಲಿಲ್ಲ. ಯಾವುದೆಂದು ತಿಳಿಯದೆ ಬಲ ಹಾಕಿದರೆ ಹಾಳಾಗುವುದು ಎಂಜಿನ್, ಕೆಲವೊಮ್ಮೆ ಬೆರಳು.

ಸಾಮಾನಿನ ಪರಿಚಯ

ಸ್ಟಾರ್ಟರ್ ಎಂದರೆ ಕೈಯಲ್ಲಿ ಹಿಡಿಯುವ 12 ವೋಲ್ಟಿನ ಮೋಟರು. ಅದರ ತುದಿಯ ಬಟ್ಟಲಿನೊಳಗೆ ರಬ್ಬರ್ ಇರುತ್ತದೆ. ಆ ರಬ್ಬರನ್ನು ಪ್ರೊಪೆಲ್ಲರಿನ ನಡುವೆ ಟೊಪ್ಪಿಗೆಯಂತೆ ಕೂತಿರುವ ಸ್ಪಿನ್ನರಿಗೆ ಒತ್ತಿದಾಗ ಎಂಜಿನ್ ತಿರುಗುತ್ತದೆ. ನಿಮ್ಮ ಸ್ಕೂಟರಿನ ಸೆಲ್ಫ್ ಮಾಡುವ ಕೆಲಸವೇ ಇದು.

ಎಂಜಿನ್‌ಗಳಲ್ಲಿ ಎರಡು ಬಗೆ. ಗ್ಲೋ ಎಂಜಿನ್‌ಗೆ ಮೆಥನಾಲ್, ಎಣ್ಣೆ ಮತ್ತು ಕೆಲವೊಮ್ಮೆ ನೈಟ್ರೋಮೀಥೇನ್ ಸೇರಿದ ಇಂಧನ ಬೇಕು. ಅದರ ಗ್ಲೋ ಪ್ಲಗ್ಗಿನ ತಂತಿಯನ್ನು ಸುಮಾರು ಒಂದೂವರೆ ವೋಲ್ಟಿನಿಂದ ಕೆಂಪಗೆ ಕಾಯಿಸಬೇಕು. ಎರಡನೆಯದು ಕಿಡಿ ಹಾರಿಸುವ ಪ್ಲಗ್ ಇರುವ ಪೆಟ್ರೋಲ್ ಎಂಜಿನ್. ಇದನ್ನೇ ಅಮೆರಿಕದವರು 'ಗ್ಯಾಸ್' ಎಂಜಿನ್ ಎನ್ನುತ್ತಾರೆ. ಅಡುಗೆ ಮನೆಯ ಗ್ಯಾಸಿಗೂ ಇದಕ್ಕೂ ಸಂಬಂಧವಿಲ್ಲ. ಸ್ಟಾರ್ಟರಿನ ತೊಂದರೆಗಳು ಎರಡಕ್ಕೂ ಹೆಚ್ಚುಕಡಿಮೆ ಒಂದೇ.

ಮೊದಲ ಪರೀಕ್ಷೆ: ಎಂಜಿನ್

ಗ್ಲೋ ಪ್ಲಗ್ಗಿನ ಬ್ಯಾಟರಿ ತೆಗೆಯಿರಿ. ಪೆಟ್ರೋಲ್ ಎಂಜಿನ್ ಆದರೆ ಇಗ್ನಿಷನ್ ಸ್ವಿಚ್ ಆಫ್ ಮಾಡಿ. ದಪ್ಪ ಕೈಗವಸು ಹಾಕಿಕೊಂಡು ಪ್ರೊಪೆಲ್ಲರನ್ನು ನಿಧಾನವಾಗಿ ತಿರುಗಿಸಿ. ಒಂದು ಕಡೆ ಬಿಗಿಯಾಗಿ, ಆಮೇಲೆ ಸಡಿಲವಾದರೆ ಸರಿ. ಅದು ಪಿಸ್ಟನ್ ಗಾಳಿಯನ್ನು ಒತ್ತುವ ಬಿಗಿ. ಆದರೆ ಗೋಡೆಗೆ ತಾಗಿದಂತೆ ಗಕ್ಕನೆ ನಿಂತರೆ ಅಲ್ಲಿಗೇ ಬಿಡಿ.

ಬಹುಪಾಲು ಸಿಲಿಂಡರಿನೊಳಗೆ ಇಂಧನ ಹೆಚ್ಚಾಗಿ ತುಂಬಿರುತ್ತದೆ. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ದ್ರವವನ್ನು ಆಗುವುದಿಲ್ಲ. ಅದರ ಮೇಲೆ ಸ್ಟಾರ್ಟರಿನ ಬಲ ಬಿದ್ದರೆ ಪಿಸ್ಟನ್ನಿಗೆ ಸೇರಿದ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಮುರಿಯಲೂಬಹುದು. ಬ್ಯಾಟರಿ ಎಷ್ಟು ದೊಡ್ಡದೋ ಹಾನಿಯೂ ಅಷ್ಟು ದೊಡ್ಡದು. ಪ್ಲಗ್ ಬಿಚ್ಚಿ, ಮುಖ ದೂರವಿಟ್ಟು, ಪ್ರೊಪೆಲ್ಲರನ್ನು ಕೈಯಿಂದ ಹತ್ತಾರು ಸುತ್ತು ತಿರುಗಿಸಿ. ಇಂಧನ ಚಿಮ್ಮಿ ಹೊರಬರುತ್ತದೆ. ಮೆಥನಾಲ್ ಕಣ್ಣಿಗೆ ಬೀಳದಂತೆ ಕನ್ನಡಕ ಇರಲಿ.

ಪ್ಲಗ್ ತೆಗೆದ ಮೇಲೂ ಬಿಗಿಯಾಗಿದ್ದರೆ ಒಳಗೆ ಎಣ್ಣೆ ಗಟ್ಟಿಯಾಗಿರಬಹುದು ಅಥವಾ ಬೇರಿಂಗ್ ತುಕ್ಕು ಹಿಡಿದಿರಬಹುದು. ಮುಂಬಯಿ, ಚೆನ್ನೈಗಳ ತೇವದ ಹವೆಯಲ್ಲಿ ಮಳೆಗಾಲವೆಲ್ಲ ಮೂಲೆಯಲ್ಲಿಟ್ಟ ಎಂಜಿನ್‌ಗೆ ಇದು ಬರುವ ಕಾಯಿಲೆ. ಮೆಥನಾಲ್ ಗಾಳಿಯ ನೀರನ್ನು ಹೀರಿಕೊಳ್ಳುತ್ತದೆ, ಆ ನೀರೇ ತುಕ್ಕಿಗೆ ಮೂಲ.

ಎರಡನೆಯದು: ಬ್ಯಾಟರಿ ಮತ್ತು ತಂತಿ

ಎಂಜಿನ್ ಸಲೀಸಾಗಿ ತಿರುಗಿದರೆ ತಪ್ಪು ವಿದ್ಯುತ್ತಿನ ಕಡೆಗಿದೆ. ಸ್ಟಾರ್ಟರನ್ನು ಗಾಳಿಯಲ್ಲಿ ಹಿಡಿದು ಸ್ವಿಚ್ ಒತ್ತಿ. ಅದು ಜೋರಾಗಿ ತಿರುಗಿ, ಎಂಜಿನ್‌ಗೆ ತಾಗಿದ ಕೂಡಲೇ ನಿಂತರೆ ಬ್ಯಾಟರಿ ಅಥವಾ ತಂತಿಯ ಮೇಲೆ ಅನುಮಾನ ಪಡಿ.

ಒಂದು ಸಾಧಾರಣ ಮಲ್ಟಿಮೀಟರ್ ಸಾಕು. ಕಂಪ್ಯೂಟರಿನ ಯುಪಿಎಸ್‌ನಲ್ಲಿರುವಂಥ 12 ವೋಲ್ಟಿನ ಸೀಸದ ಬ್ಯಾಟರಿ ಪೂರ್ತಿ ಚಾರ್ಜಾಗಿ ಸುಮ್ಮನಿರುವಾಗ 12.6ರಿಂದ 12.8 ತೋರಿಸುತ್ತದೆ. 12ಕ್ಕಿಂತ ಕೆಳಗಿದ್ದರೆ ಬಹುತೇಕ ಖಾಲಿ. ಆದರೆ ನಿಜವಾದ ಪರೀಕ್ಷೆ ಭಾರ ಬಿದ್ದಾಗ. ನೀವು ಸ್ಟಾರ್ಟರ್ ಒತ್ತುವಾಗ ಇನ್ನೊಬ್ಬರು ಮೀಟರ್ ಓದಲಿ. ಬ್ಯಾಟರಿಯ ಮೇಲೆಯೇ ವೋಲ್ಟೇಜು 10ಕ್ಕಿಂತ ಕೆಳಗೆ ಕುಸಿದರೆ ಮೊದಲು ಪೂರ್ತಿ ಚಾರ್ಜ್ ಮಾಡಿ. ಆಮೇಲೂ ಕುಸಿದರೆ ಆ ಬ್ಯಾಟರಿ ಮುಗಿದಂತೆಯೇ.

ಬ್ಯಾಟರಿಯ ಬಳಿ 11ಕ್ಕಿಂತ ಹೆಚ್ಚಿದ್ದು ಸ್ಟಾರ್ಟರಿನ ಬಳಿ 8 ಇದ್ದರೆ, ಉಳಿದದ್ದನ್ನು ದಾರಿಯಲ್ಲಿ ಯಾರೋ ನುಂಗುತ್ತಿದ್ದಾರೆ ಎಂದರ್ಥ. ಲೆಕ್ಕ ಸುಲಭ. ಸ್ಟಾರ್ಟರ್ 30 ಆಂಪಿಯರ್ ಎಳೆಯುವಾಗ ಕಿಲುಬು ಹಿಡಿದ ಕ್ಲಿಪ್ಪಿನಲ್ಲಿ ಕೇವಲ 0.1 ಓಮ್ ತಡೆ ಇದ್ದರೂ 3 ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ. ಮುಟ್ಟಿ ನೋಡಿ, ಬಿಸಿಯಾದ ಜಾಗವೇ ಕಳ್ಳ. ಕ್ಲಿಪ್ಪುಗಳನ್ನು ಉಪ್ಪುಕಾಗದದಿಂದ ಉಜ್ಜಿ, ಸಡಿಲವಾದ ಬೆಸುಗೆಯನ್ನು ಹೊಸದಾಗಿ ಹಾಕಿ, ತೆಳುವಾದ ಉದ್ದ ತಂತಿಯ ಬದಲು ದಪ್ಪನೆಯ ಗಿಡ್ಡ ತಂತಿ ಬಳಸಿ.

ಮೂರನೆಯದು: ಸ್ಟಾರ್ಟರ್

ಗಾಳಿಯಲ್ಲೂ ತಿರುಗದಿದ್ದರೆ ಸ್ವಿಚ್ ಸುಟ್ಟಿರಬಹುದು, ತಂತಿ ಒಳಗೇ ತುಂಡಾಗಿರಬಹುದು ಅಥವಾ ಕಾರ್ಬನ್ ಬ್ರಷ್ ಸವೆದಿರಬಹುದು. ಒಂದು ತಟ್ಟು ತಟ್ಟಿದಾಗ ತಿರುಗಿದರೆ ಬ್ರಷ್ ಎಂದೇ ತಿಳಿಯಿರಿ. ಮೋಟರ್ ರಿಪೇರಿ ಅಂಗಡಿಯಲ್ಲಿ ಸಣ್ಣ ಖರ್ಚಿಗೆ ಸರಿಹೋಗುತ್ತದೆ.

ಮೋಟರ್ ತಿರುಗಿ ಎಂಜಿನ್ ಮಾತ್ರ ನಿಂತೇ ಇದ್ದರೆ ರಬ್ಬರ್ ಜಾರುತ್ತಿದೆ. ಎಣ್ಣೆ ಅಂಟಿದ ರಬ್ಬರನ್ನೂ ಸ್ಪಿನ್ನರನ್ನೂ ಸ್ಪಿರಿಟ್ಟಿನಿಂದ ಒರೆಸಿ. ಗಟ್ಟಿಯಾಗಿ ಹೊಳೆಯುವ ರಬ್ಬರನ್ನು ಬದಲಾಯಿಸಿ.

ಎಲ್ಲ ತಿರುಗಿಯೂ ಎಂಜಿನ್ ಹತ್ತದಿದ್ದರೆ ದಿಕ್ಕು ನೋಡಿ. ಮುಂದೆ ನಿಂತು ನೋಡುವವರಿಗೆ ಸಾಮಾನ್ಯವಾಗಿ ಪ್ರೊಪೆಲ್ಲರ್ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಬೇಕು. ಕೆಂಪು, ಕಪ್ಪು ಕ್ಲಿಪ್ಪು ಅದಲುಬದಲಾದರೆ ಮೋಟರ್ ಉಲ್ಟಾ ಓಡುತ್ತದೆ.

ಒತ್ತುವ ರೀತಿಯಲ್ಲೂ ಒಂದು ಜಾಣತನವಿದೆ. ಪ್ಲಗ್ಗಿನ ಸಂಪರ್ಕ ಕೊಡುವ ಮುಂಚೆ ಪ್ರೊಪೆಲ್ಲರನ್ನು ಹಿಂದಕ್ಕೆ, ಬಿಗಿ ಸಿಗುವವರೆಗೆ ತಿರುಗಿಸಿ ಬಿಡಿ. ಆಗ ಸ್ಟಾರ್ಟರಿಗೆ ಓಡಿ ಬಂದು ಜಿಗಿಯಲು ಜಾಗ ಸಿಗುತ್ತದೆ. ಮೊದಲು ಒತ್ತಿ ಹಿಡಿಯಿರಿ, ಆಮೇಲೆ ಸ್ವಿಚ್. ಒಂದು ಸಲಕ್ಕೆ ನಾಲ್ಕೈದು ಸೆಕೆಂಡು ಸಾಕು, ನಡುವೆ ತಣಿಯಲು ಬಿಡಿ.

ಬೆರಳುಗಳ ಲೆಕ್ಕ

ಎಂಜಿನ್ ಹತ್ತಿತೆಂದರೆ ಎದುರಿಗಿರುವುದು ಆಟಿಕೆಯಲ್ಲ, ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಕತ್ತಿ. ಹೊರಡಿಸುವ ಮುಂಚೆ ರಿಮೋಟಿನಲ್ಲಿ ಥ್ರಾಟಲ್ ಕೆಳಗಿರಲಿ, ವಿಮಾನವನ್ನು ಹಿಂದಿನಿಂದ ಒಬ್ಬರು ಗಟ್ಟಿಯಾಗಿ ಹಿಡಿದಿರಲಿ. ಮಕ್ಕಳು ಪ್ರೊಪೆಲ್ಲರಿನ ಪಕ್ಕದಲ್ಲಾಗಲಿ ಎದುರಿಗಾಗಲಿ ನಿಲ್ಲಬಾರದು. ಸಡಿಲವಾದ ತೋಳು, ದುಪಟ್ಟಾ, ಸ್ಟಾರ್ಟರಿನ ತಂತಿ ಎಲ್ಲ ದೂರವಿರಲಿ. ಹತ್ತಿದ ಮೇಲೆ ಸ್ಟಾರ್ಟರನ್ನು ನೇರ ಹಿಂದಕ್ಕೆಳೆದು, ಸುತ್ತಿ ಬಂದು ರೆಕ್ಕೆಯ ಹಿಂದೆ ನಿಂತೇ ಉಳಿದ ಕೆಲಸ ಮಾಡಿ. ಇಂಧನದ ಡಬ್ಬಿ ಬ್ಯಾಟರಿಯಿಂದ ದೂರವಿರಲಿ. ಮೆಥನಾಲಿನ ಬೆಂಕಿ ಬಿಸಿಲಿನಲ್ಲಿ ಕಣ್ಣಿಗೆ ಕಾಣುವುದೇ ಇಲ್ಲವೆನ್ನಬಹುದು.

ಶಕ್ತಿಗಿಂತ ಯುಕ್ತಿ ಮೇಲು ಎಂಬ ಮಾತು ಇಲ್ಲಿ ಪೂರ್ತಿ ಒಪ್ಪುತ್ತದೆ. ಮೊದಲು ಎಂಜಿನ್, ಆಮೇಲೆ ಬ್ಯಾಟರಿ, ಕೊನೆಗೆ ಸ್ಟಾರ್ಟರ್. ಈ ಕ್ರಮ ನೆನಪಿದ್ದರೆ ಹತ್ತು ನಿಮಿಷದಲ್ಲಿ ತಪ್ಪು ಸಿಗುತ್ತದೆ. ಈ ಪುಟವನ್ನು ಕತ್ತರಿಸಿ ಸ್ಟಾರ್ಟರಿನ ಡಬ್ಬಿಯಲ್ಲೇ ಇಟ್ಟುಕೊಳ್ಳಿ. ಮುಂದಿನ ಭಾನುವಾರ ವಿಮಾನವೂ ಹಾರಲಿ, ಹತ್ತು ಬೆರಳೂ ಕ್ಷೇಮವಾಗಿ ಮನೆಗೆ ಬರಲಿ.